ಅಪ್‌ಡೇಟ್: ರೊಕ್ಕ ಬೇಡ ಅನ್ನುವ ಅಜ್ಜಿಗೆ ನೆರವಾಗುವ ದಾರಿ ಸಿಕ್ಕಿತು

ಹೋದ ವಾರ ಕೇಳಿದ್ದೆ. ಹುಬ್ಬಳ್ಳಿಯ ನಮ್ಮ ಓಣಿಯ ಅಜ್ಜಿಯೊಬ್ಬರು ಆಸ್ಪತ್ರೆಯಲ್ಲಿ ರೋಗಿಗಳ ಜೊತೆ ಇರುವವರಿಗೆ ದಿನಾ ರೊಟ್ಟಿ ಹಂಚುತ್ತಾರೆ, ತಮಗೆ ಮಾತ್ರ ಉಳಿಸಿಕೊಳ್ಳಲ್ಲ. ಅವರಿಗೆ ಬೇಜಾರಾಗದಂತೆ ನೆರವಾಗೋದು ಹೇಗೆ ಅಂತ.

ದುಡ್ಡಿನ ಲಕೋಟೆ ಉಪಯೋಗಕ್ಕೆ ಬರಲಿಲ್ಲ. "ರೊಕ್ಕ ಯಾಕ್ರಿ? ಇನ್ನೂ ಕೈ ಗಟ್ಟಿ ಅದಾವ" ಅಂತ ವಾಪಸ್ ಕೊಟ್ಟರು. ಅಂಗಡಿಯ ಹಿಟ್ಟಿನ ಪ್ಯಾಕೆಟ್ ತೆಗೆದುಕೊಂಡರು, ಆದರೆ ಮುಖ ಸಪ್ಪಗಾಯಿತು. ಕಾರಣ ಆಮೇಲೆ ಗೊತ್ತಾಯಿತು: ಜೋಳದ ಹಿಟ್ಟು ಹಳೆಯದಾದರೆ ಜಿಗಿ ಹೋಗುತ್ತದೆ, ಬಡಿಯುವಾಗ ಅಂಚು ಬಿರಿಯುತ್ತದೆ.

ಫಲ ಕೊಟ್ಟಿದ್ದು "ಕೆಲಸಕ್ಕೆ ಕೈ ಹಚ್ಚಿ" ಅಂದವರ ಸಲಹೆ. ಈಗ ಬಿಳಿಜೋಳ ನಾನೇ ಗಿರಣಿಗೆ ಒಯ್ದು, ಬೇಕಾದಷ್ಟೇ ಬೀಸಿಸಿ ತರುತ್ತೇನೆ. ಅವರು ಬಡಿದ ರೊಟ್ಟಿಯನ್ನು ಖಡಕ್ ಆಗುವ ತನಕ ಒಣಗಿಸೋದೂ ನನ್ನ ಪಾಲು. ಮೆತ್ತನೆ ರೊಟ್ಟಿ ಬೇಗ ಬೂಸು ಹಿಡಿಯುತ್ತದೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿ ಎರಡೂ ದಿನಗಟ್ಟಲೆ ಕೆಡಲ್ಲ. ಹಳ್ಳಿಯಿಂದ ಬಂದು ವಾರ್ಡಿನ ಹೊರಗೆ ಕೂತವರಿಗೆ ಅದೇ ಅನುಕೂಲ ಅಲ್ವಾ.

ಇನ್ನು ಅಜ್ಜಿಯ ಊಟ. "ನೀವು ಉಣ್ಣದಿದ್ದರೆ ನಾಳೆ ನಾನು ಬರಲ್ಲ" ಅಂದುಬಿಟ್ಟೆ. ಈಗ ಇಬ್ಬರಿಗೂ ರೊಟ್ಟಿ ಎತ್ತಿಡುತ್ತಾರೆ. ದೊಡ್ಡದು ಮಾತ್ರ ದಿನಾ ನನ್ನ ತಾಟಿಗೇ ಬೀಳುತ್ತದೆ. ಇದಕ್ಕೇನಾದರೂ ಸಲಹೆ ಇದ್ದರೆ ಹೇಳಿ.