ಟೈಟಾನಿಯಂ ಮೇಲಿನ ಕೈಟೋಸಾನ್ ಲೇಪನ ಎರಡೇ ದಿನಕ್ಕೆ ಏಳುತ್ತಿದೆ, ದಾರಿ ತೋರಿಸಿ

ಪಡುಬಿದ್ರಿ_07: ಮೂರನೆಯ ಸಲವೂ ಕೆಟ್ಟಿತು, ಸಾಕಾಗಿ ಹೋಗಿದೆ. ದೇಹದೊಳಗೆ ಕೂರಿಸುವ ಇಂಪ್ಲಾಂಟ್‌ಗೆಂದು ಕೈಟೋಸಾನ್ (ಸಿಗಡಿ ಸಿಪ್ಪೆಯಿಂದ ಸಿಗುವ ಪಾಲಿಮರ್) ದ್ರಾವಣಕ್ಕೆ ಹೈಡ್ರಾಕ್ಸಿಅಪಟೈಟ್ (ಮೂಳೆಯಲ್ಲಿರುವಂಥ ಖನಿಜ) ಪುಡಿ ಬೆರೆಸಿ, ವಿದ್ಯುತ್ ಹಾಯಿಸಿ ಟೈಟಾನಿಯಂ ಫಲಕಕ್ಕೆ ಲೇಪಿಸಿದೆ. ಒಣಗಿದಾಗ ಕಣ್ಣಿಗೆ ಚಂದವೇ. 36.5 ಡಿಗ್ರಿಯ ಕೃತಕ ದೇಹದ್ರವದಲ್ಲಿಟ್ಟ ಎರಡನೆಯ ದಿನ ಹಾಲಿನ ಕೆನೆಯಂತೆ ಎದ್ದು ಬರುತ್ತದೆ. ಎಲ್ಲವನ್ನೂ ಕ್ರಮವಾಗಿಯೇ ಮಾಡಿದ್ದೇನೆ.

ಕುಡ್ಲ_ಲ್ಯಾಬ್: ಆಟಿ ತಿಂಗಳ ಮಳೆಗೆ ಇಲ್ಲಿ ಗೋಡೆಯೇ ಬೆವರುತ್ತದೆ. ಪದರ ಒಳಗೆ ಒಣಗಿಲ್ಲ. ಡೆಸಿಕೇಟರ್‌ನ (ಮಾದರಿ ಒಣಗಿಸುವ ಮುಚ್ಚಿದ ಪಾತ್ರೆ) ತೇವ ಹೀರುವ ಸಿಲಿಕಾ ಜೆಲ್ ಬದಲಿಸಿ.

ಪರ್ಕಳದವನು: ಎಷ್ಟು ವೋಲ್ಟ್? ದ್ರಾವಕ ಯಾವುದು? ಫಲಕದ ಮೇಲ್ಮೈ ಹೇಗಿತ್ತು? ಇದನ್ನು ಹೇಳದೆ ಯಾರು ಏನೆಂದು ಹೇಳಲಿ?

ಕುಡ್ಲ_ಲ್ಯಾಬ್: ತೇವವೇ ಕಾರಣ. ನನ್ನ ಕೋಣೆಯಲ್ಲಿ ತೇವ ಹೀರುವ ಯಂತ್ರ ಹಗಲಿರುಳು ಓಡುತ್ತದೆ, ಒಂದು ಮಾದರಿಯೂ ಎದ್ದಿಲ್ಲ.

ಮಲ್ಪೆ_ಸಿಗಡಿ: ಕೈಟೋಸಾನ್ ಎಲ್ಲಿಯದು? ನಾನು ಬಂದರಿನ ಸಿಗಡಿ ಸಿಪ್ಪೆಯಿಂದಲೇ ತಯಾರಿಸುತ್ತೇನೆ.

ಪರ್ಕಳದವನು: ಸಿಪ್ಪೆಯ ಕೈಟಿನ್‌ನಿಂದ ಅಸಿಟೈಲ್ ಗುಂಪು ಎಷ್ಟು ಕಳೆದಿದೆ ಎಂದು ಅಳೆಯದ ಪುಡಿಯನ್ನು ಇಂಪ್ಲಾಂಟ್ ಕೆಲಸಕ್ಕೆ ಸೂಚಿಸಬೇಡಿ.

ಮಲ್ಪೆ_ಸಿಗಡಿ: ಪ್ರತಿ ಕಂತನ್ನೂ ಅಳೆದೇ ಬಳಸುತ್ತೇನೆ. ಕೇಳದೆ ತೀರ್ಪು ಕೊಡಬೇಡಿ.

ಪಡುಬಿದ್ರಿ_07: ದಯವಿಟ್ಟು ಜಗಳ ಬೇಡ. 30 ವೋಲ್ಟ್, ಶೇ. 1 ಅಸಿಟಿಕ್ ಆಮ್ಲದ ನೀರು. ಫಲಕವನ್ನು ಕನ್ನಡಿಯಂತೆ ಉಜ್ಜಿದ್ದೇನೆ. ಎದ್ದ ಪದರವನ್ನು ಬೆಳಕಿಗೆ ಹಿಡಿದರೆ ಸೂಜಿಮೊನೆಯಷ್ಟು ತೂತುಗಳು.

ಪರ್ಕಳದವನು: ಆ ತೂತುಗಳೇ ಉತ್ತರ. ಬರಿಯ ನೀರಿನಲ್ಲಿ 30 ವೋಲ್ಟ್ ಕೊಟ್ಟರೆ ಕ್ಯಾಥೋಡ್‌ನಲ್ಲಿ, ಅಂದರೆ ಋಣ ತುದಿಗೆ ಜೋಡಿಸಿದ ನಿಮ್ಮ ಫಲಕದ ಮೇಲೆ, ಹೈಡ್ರೋಜನ್ ಗುಳ್ಳೆ ಏಳುತ್ತದೆ. ಅಲ್ಲೇ ಪಿಎಚ್ ಏರಿ ಕೈಟೋಸಾನ್ ಗಟ್ಟಿಯಾಗುವುದರಿಂದ ಗುಳ್ಳೆ ಪದರದೊಳಗೆ ಸಿಕ್ಕಿಬೀಳುತ್ತದೆ. ಆ ತೂತುಗಳಿಂದ ದ್ರವ ಒಳಹೊಕ್ಕು ಕೈಟೋಸಾನ್ ಉಬ್ಬಿದಾಗ, ಕನ್ನಡಿಯಂಥ ಲೋಹದ ಮೇಲೆ ಅದಕ್ಕೆ ಹಿಡಿತ ಎಲ್ಲಿಂದ ಬರಬೇಕು? ಗುಳ್ಳೆ ಕಡಿಮೆಯಾಗಲು ಎಥನಾಲ್ ಬೆರೆಸಿ, 10 ವೋಲ್ಟ್‌ಗೆ ಇಳಿಸಿ. ಹಿಡಿತ ಬರಲು ಫಲಕವನ್ನು ಮೊದಲು 5 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ 60 ಡಿಗ್ರಿಗೆ 24 ಗಂಟೆ ಇಡಿ. ಕೈಗವಸು, ಕನ್ನಡಕ ಮರೆಯಬೇಡಿ.

ಕುಡ್ಲ_ಲ್ಯಾಬ್: ಒಣಗಿಸುವುದನ್ನೂ ಸರಿಪಡಿಸಿ ಎಂದೇ ಈಗಲೂ ಹೇಳುತ್ತೇನೆ.

ಪಡುಬಿದ್ರಿ_07: ಮಾಡಿ ನೋಡಿದೆ. ತೂತುಗಳಿಲ್ಲ! ಐದನೆಯ ದಿನವೂ ನಡುಭಾಗ ಗಟ್ಟಿಯಾಗಿ ಕೂತಿದೆ. ನಾಲ್ಕು ಮೂಲೆಗಳು ಮಾತ್ರ ತುಸು ಎದ್ದಿವೆ.

ಪರ್ಕಳದವನು: ಚೂಪು ಅಂಚಿನಲ್ಲಿ ವಿದ್ಯುತ್ ಕ್ಷೇತ್ರ ದಟ್ಟವಾಗಿ ಪದರ ದಪ್ಪಗೆ ಕೂರುತ್ತದೆ. ಮೂಲೆಗಳನ್ನು ಎಮರಿ ಕಾಗದದಿಂದ ದುಂಡಗೆ ಮಾಡಿ, ಆಮೇಲೆ ಫೋಟೋ ಹಾಕಿ.