ಕೈಯಲ್ಲಿರುವ ವಿದ್ಯೆಗೆ ನಿವೃತ್ತಿಯವರೆಗೆ ಕಾಯಬೇಕೇ?

ಪ್ರಶ್ನೆ (ಎಲೆಗೆರೆ):
ಎಲ್ಲರಿಗೂ ನಮಸ್ಕಾರ. ವಿದ್ಯಾರ್ಥಿಯಾಗಿದ್ದಾಗ ಸಸ್ಯಶಾಸ್ತ್ರದ ರೆಕಾರ್ಡ್ ಪುಸ್ತಕದಲ್ಲಿ ನಾನು ಬಿಡಿಸುತ್ತಿದ್ದ ಚಿತ್ರಗಳನ್ನು ಕಂಡು, ಈ ಕೆಲಸವನ್ನು ಬಿಡಬೇಡ ಎಂದು ಉಪನ್ಯಾಸಕರು ಹೇಳಿದ್ದರು. ಬಿಡುತ್ತೇನೆಂದು ನಾನು ಎಂದೂ ನಿರ್ಧರಿಸಲಿಲ್ಲ. ಸಾಲ ತೀರಲಿ, ಮಕ್ಕಳ ಓದು ಮುಗಿಯಲಿ ಎಂದು ಮುಂದೂಡುತ್ತಲೇ ವರ್ಷಗಳು ಕಳೆದವು. ಈಗ ಐವತ್ತು ದಾಟಿದೆ, ಕನ್ನಡಕವಿಲ್ಲದೆ ಎಲೆಯ ಸಣ್ಣ ನರಗಳು ಕಾಣುವುದಿಲ್ಲ. ನಿವೃತ್ತಿಯಾದ ಮೇಲೆ ಪೂರ್ಣವಾಗಿ ತೊಡಗಿಕೊಳ್ಳುವುದು ಲೇಸೋ, ಸಿಕ್ಕಷ್ಟು ಹೊತ್ತಿನಲ್ಲಿ ಈಗಲೇ ಆರಂಭಿಸುವುದು ಲೇಸೋ? ನನ್ನಲ್ಲಿ ನಿಜಕ್ಕೂ ಸಾಮರ್ಥ್ಯವಿದೆಯೇ ಎಂದು ಮೊದಲು ತಿಳಿಯುವುದು ಹೇಗೆ?

ಉತ್ತರ (ಹಳೆಯ ಓದುಗ):
ನಿಮ್ಮ ಪ್ರಶ್ನೆಗೆ ತೀರ ಹತ್ತಿರದ ಒಂದು ಬದುಕು ನೆನಪಾಗುತ್ತದೆ. 1700ರಲ್ಲಿ ಹುಟ್ಟಿದ ಇಂಗ್ಲೆಂಡಿನ ಮೇರಿ ಡಿಲೇನಿ ಎಪ್ಪತ್ತರ ಗಡಿ ದಾಟಿದ ಮೇಲೆ, ಬಣ್ಣದ ಕಾಗದದ ಸಣ್ಣ ಸಣ್ಣ ಚೂರುಗಳನ್ನು ಕತ್ತರಿಸಿ, ಕಪ್ಪು ಹಿನ್ನೆಲೆಯ ಮೇಲೆ ಒಂದರ ಮೇಲೊಂದು ಅಂಟಿಸಿ, ದಳ, ಕೇಸರ, ಎಲೆಯ ಅಂಚುಗಳವರೆಗೆ ನಿಜವೆನಿಸುವ ಸಸ್ಯಚಿತ್ರಗಳನ್ನು ಮಾಡತೊಡಗಿದರು. ಸುಮಾರು ಹತ್ತು ವರ್ಷಗಳಲ್ಲಿ 900ಕ್ಕೂ ಹೆಚ್ಚು ಚಿತ್ರಗಳಾದವು. ಅವು ಇಂದು ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಆ ಕೆಲಸವನ್ನು ನಿಲ್ಲಿಸಿದ್ದು ದೃಷ್ಟಿ ಮಂದವಾದದ್ದು. ಆದ್ದರಿಂದ ವಯಸ್ಸಿನ ಲೆಕ್ಕಕ್ಕಿಂತ ಕಣ್ಣಿನ ಲೆಕ್ಕವನ್ನು ಹೆಚ್ಚು ಗಂಭೀರವಾಗಿ ತೆಗೆದುಕೊಳ್ಳಿ. ನಲವತ್ತರ ನಂತರ ಕಣ್ಣಿನ ಮಸೂರ ಬಿಗಿಯಾಗಿ ಹತ್ತಿರದ ನೋಟ ಕುಂದುವುದು ಸಹಜ, ಸರಿಯಾದ ಕನ್ನಡಕ ಮತ್ತು ಭೂತಗನ್ನಡಿಯಿಂದ ಅದನ್ನು ನಿಭಾಯಿಸಬಹುದು; ಆದರೂ ಒಮ್ಮೆ ನೇತ್ರವೈದ್ಯರಿಗೆ ತೋರಿಸಿಕೊಳ್ಳಿ.

ಉತ್ತರ (ನಿಧಾನಿ):
ಮೇಲಿನ ಉದಾಹರಣೆಯನ್ನು ಒಪ್ಪುತ್ತೇನೆ, ಆದರೆ ತಡವಾಗಿ ಅರಳಿದವರ ಕಥೆಗಳು ಮುಂದೂಡುವವರಿಗೆ ಒಳ್ಳೆಯ ನೆಪವೂ ಆಗುತ್ತವೆ. ಎಪ್ಪತ್ತಕ್ಕೆ ಆರಂಭಿಸಬೇಕೆಂದುಕೊಂಡು ಅಲ್ಲಿಯವರೆಗೆ ಉಳಿಯದವರ ಕಥೆ ನಮ್ಮ ಕಿವಿಗೆ ಬೀಳುವುದೇ ಇಲ್ಲವಲ್ಲ.

ಡಾರ್ವಿನ್ನರನ್ನು ನೋಡಿ. ಪರಿಸರಕ್ಕೆ ಹೆಚ್ಚು ಹೊಂದುವ ಜೀವಿಗಳೇ ಉಳಿದು ಸಂತತಿ ಬೆಳೆಸುತ್ತವೆ ಎಂಬ ನೈಸರ್ಗಿಕ ಆಯ್ಕೆಯ ವಿಚಾರ ಅವರಿಗೆ ಹೊಳೆದದ್ದು 1838ರಲ್ಲಿ, ಅದು ಪುಸ್ತಕವಾಗಿ ಹೊರಬಂದದ್ದು 1859ರಲ್ಲಿ. ಅದೂ 1858ರಲ್ಲಿ ಮತ್ತೊಬ್ಬ ನಿಸರ್ಗವಿಜ್ಞಾನಿ ವಾಲೇಸ್ ಅದೇ ವಿಚಾರವನ್ನು ಬರೆದು ಕಳುಹಿಸಿದ ಮೇಲೆ. ನಡುವಿನ ವರ್ಷಗಳೆಲ್ಲ ವ್ಯರ್ಥವಾದವೆಂದು ನಾನು ಹೇಳುವುದಿಲ್ಲ, ಏಕೆಂದರೆ ಸಮುದ್ರದ ಬಂಡೆಗಳಿಗೆ ಅಂಟಿಕೊಳ್ಳುವ ಬಾರ್ನಕಲ್ ಜೀವಿಗಳನ್ನು ಸುಮಾರು ಎಂಟು ವರ್ಷ ಪರೀಕ್ಷಿಸಿದ್ದರಿಂದಲೇ ಅವರ ಮಾತಿಗೆ ತೂಕ ಬಂದಿತು. ನನಗೆ ಮುಖ್ಯವೆನಿಸುವುದು ಬೇರೆ ಸಂಗತಿ: 1844ರಲ್ಲೇ ಅವರು ಆ ವಿಚಾರವನ್ನು ದೀರ್ಘ ಪ್ರಬಂಧವಾಗಿ ಬರೆದು, ತಾವು ಹಠಾತ್ತನೆ ತೀರಿಕೊಂಡರೆ ಅದನ್ನು ಪ್ರಕಟಿಸಬೇಕೆಂದು ಪತ್ನಿಗೆ ಪತ್ರ ಬರೆದಿಟ್ಟಿದ್ದರು. ಅವರು ಕಾದದ್ದು ನಿಜ, ಆದರೆ ಕಾಯುತ್ತಿದ್ದಾಗಲೂ ವಿಚಾರ ಕಾಗದದ ಮೇಲಿತ್ತು. ನಿಮ್ಮ ಚಿತ್ರಗಳು ಎಲ್ಲಿವೆ?

ಉತ್ತರ (ಸೀಸದಕಡ್ಡಿ):
ಸಾಮರ್ಥ್ಯವಿದೆಯೇ ಎಂಬುದನ್ನು ಮೊದಲು ತಿಳಿದು ಆಮೇಲೆ ಆರಂಭಿಸುವ ಕ್ರಮವೇ ಸರಿಯಲ್ಲ. ಅದು ಮಾಡಿದ ಕೆಲಸದಲ್ಲಷ್ಟೇ ಕಾಣಿಸುವಂಥದ್ದು. ಉಪನ್ಯಾಸಕರ ಮೆಚ್ಚುಗೆ ಅಂದಿನ ಕೈಗೆ ಸಂದದ್ದು, ಇಂದಿನ ಕೈಯನ್ನು ಇಂದೇ ನೋಡಬೇಕು. ಫೋಟೋ ನೋಡಿ ಬಿಡಿಸದೆ, ಒಂದು ರೆಂಬೆಯನ್ನು ನೀರಿನಲ್ಲಿಟ್ಟು, ಎಲೆಯ ಉದ್ದಗಲವನ್ನು ಅಳತೆಪಟ್ಟಿಯಿಂದ ಅಳೆದು ನಿಜಗಾತ್ರದಲ್ಲೇ ಬಿಡಿಸಿ. ತೊಟ್ಟು ಕಾಂಡಕ್ಕೆ ಸೇರುವ ಕಡೆ, ಪಕ್ಕದ ನರಗಳು ನಡುನರದಿಂದ ಯಾವ ಕೋನದಲ್ಲಿ ಕವಲೊಡೆಯುತ್ತವೆ ಎಂಬುದು, ಅಂಚಿನ ಹಲ್ಲುಗಳು ಯಾವ ಕಡೆಗೆ ಬಾಗಿವೆ ಎಂಬುದು: ನೋಡಿ ಬಿಡಿಸಿದವರ ಚಿತ್ರಕ್ಕೂ ನೆನಪಿನಿಂದ ಬಿಡಿಸಿದವರ ಚಿತ್ರಕ್ಕೂ ಅಂತರ ತಿಳಿಯುವುದು ಅಲ್ಲಿಯೇ. ಆಮೇಲೆ ಅದನ್ನು ಹೊಗಳುವ ಬಂಧುಗಳಿಗಲ್ಲ, ಗಿಡವನ್ನು ಗುರುತಿಸಬಲ್ಲ ಒಬ್ಬರಿಗೆ ತೋರಿಸಿ.

ಸಮಯದ ವಿಷಯದಲ್ಲಿ, ‘ಬಿಡುವಾದಾಗ’ ಎನ್ನುವುದನ್ನು ಬಿಟ್ಟು, ‘ಭಾನುವಾರ ಬೆಳಿಗ್ಗೆ ಕಾಫಿ ಕುಡಿದ ಕೂಡಲೇ ಈ ಮೇಜಿನಲ್ಲಿ ಕೂರುತ್ತೇನೆ’ ಎಂದು ಗೊತ್ತುಮಾಡಿಕೊಳ್ಳಿ. ಯಾವಾಗ, ಎಲ್ಲಿ, ಹೇಗೆ ಎಂದು ಮೊದಲೇ ನಿಗದಿಪಡಿಸಿಕೊಂಡ ಸಂಕಲ್ಪಗಳು ಬರಿಯ ಸಂಕಲ್ಪಗಳಿಗಿಂತ ಹೆಚ್ಚಾಗಿ ಕೈಗೂಡುತ್ತವೆ ಎಂಬುದನ್ನು ಮನೋವಿಜ್ಞಾನಿ ಪೀಟರ್ ಗೋಲ್ವಿಟ್ಜರ್ ಮತ್ತು ಸಂಗಡಿಗರ ಅಧ್ಯಯನಗಳು ತೋರಿಸಿವೆ.

ಎಲೆಗೆರೆ:
ಮೂವರಿಗೂ ಧನ್ಯವಾದಗಳು. ನಿಧಾನಿಯವರೇ, ನೀವು ಕೇಳಿದ್ದಕ್ಕೆ ಉತ್ತರ: ರೆಕಾರ್ಡ್ ಪುಸ್ತಕವೊಂದೇ ಉಳಿದಿದೆ, ಅದರಾಚೆ ಒಂದು ಹಾಳೆಯೂ ಇಲ್ಲ. ನಿವೃತ್ತಿಗೆ ಕಾಯುವುದಿಲ್ಲ. ಭಾನುವಾರದ ಬೆಳಿಗ್ಗೆಯನ್ನು ಮನೆಯವರಿಗೂ ತಿಳಿಸಿ ಮೀಸಲಿಟ್ಟಿದ್ದೇನೆ, ಮೊದಲ ರೆಂಬೆಯ ಚಿತ್ರವನ್ನು ಹೇಗೆ ಬಂದಿದೆಯೋ ಹಾಗೆಯೇ ಇಲ್ಲಿ ಹಾಕುತ್ತೇನೆ. ತಪ್ಪುಗಳನ್ನು ದಾಕ್ಷಿಣ್ಯವಿಲ್ಲದೆ ತಿಳಿಸಬೇಕೆಂದು ಕೋರುತ್ತೇನೆ.