ರಾಯಚೂರಿನ ಬಿಸಿಲು, ಮೇಲ್ಮಹಡಿಯ ಮನೆ, ಉದ್ದ ಕೂದಲಿನ ಚಿನ್ನಿ

ಚಿನ್ನಿಯ ಅಮ್ಮ, ರಾಯಚೂರು (ಬುಧವಾರ ಬೆಳಿಗ್ಗೆ)

ಎಲ್ಲರಿಗೂ ನಮಸ್ಕಾರ. ನಿಮ್ಮೆಲ್ಲರ ಅನುಭವದ ಮಾತು ಬೇಕಾಗಿದೆ. ನಾವು ತೀರ್ಥಹಳ್ಳಿ ಕಡೆಯವರು. ನಮ್ಮ ಯಜಮಾನರಿಗೆ ವರ್ಗವಾಗಿ ಡಿಸೆಂಬರಿನಲ್ಲಿ ರಾಯಚೂರಿಗೆ ಬಂದೆವು. ಜೊತೆಗೆ ಚಿನ್ನಿ ಇದ್ದಾಳೆ, ಎರಡೂವರೆ ವರ್ಷದ ಪೊಮೆರೇನಿಯನ್ ನಾಯಿ. ಹುಟ್ಟಿದಾಗಿನಿಂದ ಮಳೆ, ಮಂಜು ನೋಡಿಕೊಂಡು ಬೆಳೆದವಳು. ಮನೆ ಮೇಲ್ಮಹಡಿಯಲ್ಲಿದೆ, ಅದರ ಮೇಲೆ ಬರಿಯ ತಾರಸಿ. ಮಾರ್ಚ್ ಇನ್ನೂ ಮುಗಿದಿಲ್ಲ, ಆಗಲೇ ಮಧ್ಯಾಹ್ನ ಗೋಡೆ ಮುಟ್ಟಿದರೆ ರೊಟ್ಟಿಯ ಹಂಚು ಮುಟ್ಟಿದಂತಾಗುತ್ತದೆ. ನಾವಿಬ್ಬರೂ ಹತ್ತರಿಂದ ಐದರವರೆಗೆ ಕೆಲಸಕ್ಕೆ ಹೋಗುತ್ತೇವೆ. ನಿನ್ನೆ ಬಾಗಿಲು ತೆಗೆದಾಗ ಅವಳು ಓಡಿ ಬರಲಿಲ್ಲ. ಹುಡುಕಿದರೆ ಬಚ್ಚಲಿನ ನೆಲಕ್ಕೆ ಹೊಟ್ಟೆ ಒತ್ತಿಕೊಂಡು, ನಾಲಿಗೆ ಚಾಚಿ ಏದುಸಿರು ಬಿಡುತ್ತಿದ್ದಳು. ರಾತ್ರಿಯೆಲ್ಲ ನನಗೆ ನಿದ್ದೆ ಬರಲಿಲ್ಲ. ಮೈಕೂದಲು ಪೂರ್ತಿ ಬೋಳಿಸಿ ಎಂದು ಪಕ್ಕದ ಮನೆಯವರು ಹೇಳುತ್ತಾರೆ. ಅದು ಸರಿಯೇ? ಕೂಲರ್ ತಂದರೆ ಸಾಕೇ? ಏಪ್ರಿಲ್, ಮೇ ತಿಂಗಳುಗಳನ್ನು ನೀವೆಲ್ಲ ಹೇಗೆ ಕಳೆಯುತ್ತೀರಿ?

ಗುಂಡನ ಅಕ್ಕ, ಕೊಪ್ಪಳ

ತಂಗಿ, ದಯವಿಟ್ಟು ಬೋಳಿಸಬೇಡ. ನನ್ನ ಗುಂಡನೂ ಅದೇ ಜಾತಿ. ಮೂರು ವರ್ಷದ ಹಿಂದೆ ನನಗೂ ಹೀಗೆಯೇ ಯಾರೋ ಹೇಳಿದರು. ಮಶೀನು ಹಾಕಿಸಿ ಚರ್ಮ ಕಾಣುವಂತೆ ತೆಗೆಸಿದೆ. ಎರಡೇ ದಿನದಲ್ಲಿ ಅವನ ಬೆನ್ನು ಕೆಂಪಗಾಗಿ ಸಿಪ್ಪೆ ಏಳತೊಡಗಿತು. ಕೂದಲು ಮತ್ತೆ ಬರುವಾಗ ಅಲ್ಲಲ್ಲಿ ತೇಪೆ ಹಾಕಿದಂತೆ ಬಂತು, ಸೊಂಟದ ಹತ್ತಿರ ಈಗಲೂ ಮೊದಲಿನಂತಿಲ್ಲ.

ಈ ನಾಯಿಗಳಿಗೆ ಎರಡು ಪದರ ಕೂದಲಿರುತ್ತದೆ. ಒಳಗಿನದು ಹತ್ತಿಯಂತೆ ಮೃದು, ಮೇಲಿನದು ಉದ್ದ ಮತ್ತು ಒರಟು. ನಮ್ಮ ಹಳ್ಳಿಗಳ ಮಣ್ಣಿನ ಮಾಳಿಗೆ ಮನೆಯನ್ನು ತಂಪಾಗಿಡುತ್ತದಲ್ಲ, ಮೇಲಿನ ಪದರ ನಾಯಿಯ ಮೈಗೆ ಆ ಕೆಲಸ ಮಾಡುತ್ತದೆ. ಉದುರಿದ ಒಳಗೂದಲು ಹೊರಗೆ ಬರದೆ ಸಿಕ್ಕುಗಟ್ಟಿದಾಗ ಗಾಳಿ ಚರ್ಮದವರೆಗೆ ಹೋಗುವುದಿಲ್ಲ, ತೊಂದರೆ ಇರುವುದು ಅಲ್ಲಿ. ಹಲ್ಲು ಅಗಲವಿರುವ ಬಾಚಣಿಗೆ ತೆಗೆದುಕೊಂಡು ದಿನವೂ ಬಾಚು. ಮೊದಲ ವಾರ ಗುಂಡನ ಮೈಯಿಂದ ಬಂದ ಕೂದಲಿನಲ್ಲಿ ಒಂದು ತಲೆದಿಂಬು ತುಂಬಬಹುದಿತ್ತು. ಹೊಟ್ಟೆಯ ಕೆಳಗೆ, ಪಾದದ ಮೆತ್ತೆಗಳ ನಡುವೆ ಬೆಳೆದದ್ದನ್ನು ಮಾತ್ರ ಕತ್ತರಿಯಿಂದ ಚಿಕ್ಕದು ಮಾಡಬಹುದು.

ಮೋತಿಯ ಮನೆಯವರು, ಶಕ್ತಿನಗರ

ತಂಗಿ, ಅವಳನ್ನು ಎಷ್ಟು ಗಂಟೆಗೆ ಹೊರಗೆ ಕರೆದೊಯ್ಯುತ್ತೀರಿ ಎಂದು ಬರೆದಿಲ್ಲ. ಏಪ್ರಿಲ್ ಬಂದ ಮೇಲೆ ನಾನು ಬೆಳಿಗ್ಗೆ ಐದೂವರೆಗೆ ಹೊರಟು ಆರೂವರೆಗೆ ಮನೆಯಲ್ಲಿರುತ್ತೇನೆ. ಸಂಜೆ ಆರಕ್ಕೆ ಬಿಸಿಲು ಇಳಿಯಿತು ಎಂದುಕೊಂಡು ಹೊರಡಬೇಡಿ. ನಮ್ಮದು ಕಲ್ಲಿನ ನಾಡು. ಡಾಂಬರು, ಕಾಂಕ್ರೀಟು, ಪರಸಿ ಕಲ್ಲು ಎಲ್ಲವೂ ಹಗಲಿನ ಕಾವನ್ನು ಹಿಡಿದಿಟ್ಟುಕೊಂಡು ಕತ್ತಲಾದ ಮೇಲೂ ಬಿಡುತ್ತಿರುತ್ತವೆ. ನಾಯಿಯ ಹೊಟ್ಟೆ ಅದರಿಂದ ಒಂದು ಗೇಣು ಮೇಲಿರುತ್ತದೆ. ಅಂಗೈಯ ಹಿಂಬದಿಯನ್ನು ರಸ್ತೆಯ ಮೇಲಿಟ್ಟು ಏಳು ಎಣಿಸಿ. ಅಷ್ಟರೊಳಗೆ ಕೈ ತೆಗೆಯುವಂತಾದರೆ ಅವಳ ಪಾದವೂ ತಡೆಯುವುದಿಲ್ಲ.

ರಾಜನ ಮನೆಯಿಂದ, ಬಳ್ಳಾರಿ

ನಾನು ಹೇಳಬೇಕಾದದ್ದು ಕಷ್ಟದ ಮಾತು. ಬಿಸಿಲು ಏರುವ ಮೊದಲೇ ತಿಳಿದಿರಲಿ ಎಂದು ಬರೆಯುತ್ತಿದ್ದೇನೆ ತಂಗಿ.

ರಾಜ ನಮ್ಮ ಲ್ಯಾಬ್ರಡಾರ್, ಆರು ವರ್ಷದವನು. ಮೇ ತಿಂಗಳ ಒಂದು ಭಾನುವಾರ ಮನೆಯಲ್ಲಿ ನಿಶ್ಚಿತಾರ್ಥ. ಜನ ತುಂಬಿದ್ದರು ಎಂದು ಅವನನ್ನು ಹಿತ್ತಿಲಿನ ಬೇವಿನ ಮರದ ಕೆಳಗೆ ಕಟ್ಟಿ, ಬಕೆಟ್ಟಿನಲ್ಲಿ ನೀರಿಟ್ಟು ಬಂದೆ. ಆಗ ಹತ್ತು ಗಂಟೆ, ಒಳ್ಳೆಯ ನೆರಳಿತ್ತು. ನೆರಳು ಸರಿಯುತ್ತದೆ ಎಂಬುದು ಆ ಗಲಾಟೆಯಲ್ಲಿ ಮರೆತುಹೋಯಿತು. ಹನ್ನೆರಡೂವರೆಗೆ ಹೋಗಿ ನೋಡಿದರೆ ಬಕೆಟ್ ಉರುಳಿತ್ತು, ಸರಪಳಿ ಬಿಗಿದಿತ್ತು, ರಾಜ ಪೂರ್ತಿ ಬಿಸಿಲಿನಲ್ಲಿದ್ದ. ನಾಲಿಗೆ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಬಾಯಿಂದ ಜೊಲ್ಲು ಗಂಜಿಯ ಹಾಗೆ ದಪ್ಪಗೆ ಇಳಿಯುತ್ತಿತ್ತು. ಎಬ್ಬಿಸಿದರೆ ಹಿಂಗಾಲು ನಿಲ್ಲಲಿಲ್ಲ. ನನಗೆ ತೋಚಿದ್ದು ಒಂದೇ, ಆಸ್ಪತ್ರೆ. ಆಟೊ ಹುಡುಕಲು ಹತ್ತು ನಿಮಿಷ, ಭಾನುವಾರ ತೆರೆದಿರುವ ವೈದ್ಯರನ್ನು ಹುಡುಕಲು ಇನ್ನೂ ಇಪ್ಪತ್ತು ನಿಮಿಷ. ದಾರಿಯುದ್ದಕ್ಕೂ ಮುಖಕ್ಕೆ ಬೆಂಕಿಯಂಥ ಗಾಳಿ ಬಡಿಯುತ್ತಿತ್ತು. ವೈದ್ಯರು ಅಳೆದಾಗ ಅವನ ಮೈ 108 ಡಿಗ್ರಿ ಫ್ಯಾರನ್‌ಹೀಟ್ ಇತ್ತು. ಸಂಜೆಯ ಹೊತ್ತಿಗೆ ರಾಜ ಹೋದ.

ಅವರು ಬಯ್ಯಲಿಲ್ಲ. ‘ಮೊದಲು ಮನೆಯಲ್ಲಿಯೇ ಹತ್ತು ನಿಮಿಷ ನೀರು ಸುರಿದು ಆಮೇಲೆ ತರಬೇಕಿತ್ತು’ ಎಂದರು, ಅಷ್ಟೇ.

ಅವರು ಹೇಳಿಕೊಟ್ಟದ್ದನ್ನು ಹಾಗೆಯೇ ಬರೆಯುತ್ತೇನೆ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ಪಾದದ ಮೆತ್ತೆಗಳಲ್ಲಿ ಸ್ವಲ್ಪ ಬೆವರುತ್ತದೆ. ಏದುಸಿರೊಂದೇ ಅದರ ದೊಡ್ಡ ಆಸರೆ. ಆರೋಗ್ಯವಾಗಿರುವ ನಾಯಿಯ ಮೈ 101ರಿಂದ 102.5 ಡಿಗ್ರಿಯವರೆಗೆ ಇರುತ್ತದೆ. ಬಿಸಿಲಿನಿಂದ 104 ದಾಟಿತೆಂದರೆ ಅಪಾಯ ಶುರುವಾಯಿತು. 106ರ ಮೇಲೆ ಮೂತ್ರಪಿಂಡ, ಯಕೃತ್ತು, ಮಿದುಳು ಎಲ್ಲಕ್ಕೂ ಪೆಟ್ಟು ಬೀಳತೊಡಗುತ್ತದೆ. ಎಷ್ಟು ಹೊತ್ತು ಆ ಕಾವಿನಲ್ಲಿತ್ತು ಎಂಬುದರ ಮೇಲೆ ಬದುಕುವುದು, ಬಿಡುವುದು ನಿಂತಿದೆ.

ಎರಡು ವರ್ಷದ ಬಳಿಕ ಭೀಮ ಬಂದ. ಕಳೆದ ಬೇಸಿಗೆಯಲ್ಲಿ ಗೇಟಿನಿಂದ ನುಸುಳಿ ಹುಡುಗರ ಕ್ರಿಕೆಟ್ ಚೆಂಡಿನ ಹಿಂದೆ ಓಡಿ ಓಡಿ, ಮನೆಗೆ ಬಂದವನೇ ಬಾಗಿಲಲ್ಲಿ ಕುಸಿದ. ಅದೇ ನಾಲಿಗೆ, ಅದೇ ಜೊಲ್ಲು. ನನ್ನ ಕೈ ನಡುಗುತ್ತಿತ್ತು, ಆದರೆ ಆಟೊ ಹುಡುಕಲು ಹೋಗಲಿಲ್ಲ. ಬಚ್ಚಲಿಗೆ ಎಳೆದುಕೊಂಡು ಹೋಗಿ ಕುತ್ತಿಗೆ, ಕಂಕುಳು, ಹೊಟ್ಟೆ, ತೊಡೆಸಂದುಗಳಿಗೆ ತಂಬಿಗೆಯಿಂದ ನೀರು ಸುರಿಯುತ್ತಲೇ ಇದ್ದೆ. ಮಗಳು ಟೇಬಲ್ ಫ್ಯಾನ್ ತಂದು ಹಚ್ಚಿದಳು. ನೀರಿನ ಜೊತೆ ಗಾಳಿಯೂ ಬೇಕು, ಆಗಲೇ ಕಾವು ಇಳಿಯುವುದು. ಒದ್ದೆ ಟವೆಲ್ ಹೊದಿಸಿ ಬಿಡಬಾರದು, ಸ್ವಲ್ಪ ಹೊತ್ತಿಗೆ ಅದೇ ಬಿಸಿಯಾಗಿ ಕಂಬಳಿಯಾಗುತ್ತದೆ. ಪ್ರಜ್ಞೆ ತಪ್ಪುತ್ತಿರುವ ನಾಯಿಯ ಬಾಯಿಗೆ ನೀರು ಹೊಯ್ಯಬಾರದು, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ತಾನೇ ನೆಕ್ಕಿದರೆ ಕುಡಿಯಲಿ. ಗುದದ ಥರ್ಮಾಮೀಟರ್ 103 ತೋರಿಸಿದಾಗ ನಿಲ್ಲಿಸಿ, ಒದ್ದೆ ಮೈಯಲ್ಲೇ ಕಾರಿನ ಕಿಟಕಿ ತೆರೆದು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಎದ್ದು ಓಡಾಡಿದರೂ ವೈದ್ಯರಿಗೆ ತೋರಿಸಲೇಬೇಕು, ಒಳಗಿನ ಪೆಟ್ಟು ಒಂದೆರಡು ದಿನ ಬಿಟ್ಟು ಕಾಣಿಸಿಕೊಳ್ಳಬಹುದು. ಭೀಮ ಈಗ ನನ್ನ ಕಾಲ ಬಳಿ ಮಲಗಿದ್ದಾನೆ.

ಇನ್ನೊಂದು ಮಾತು, ಇದನ್ನು ನಮ್ಮ ಕಡೆಯವರೇ ಹೇಳಬೇಕು. ಮೇ ತಿಂಗಳ ಮಧ್ಯಾಹ್ನ ತಾರಸಿಯ ಮೇಲಿನ ಟ್ಯಾಂಕಿನ ನೀರು ಕೈ ಸುಡುವಷ್ಟು ಕಾದಿರುತ್ತದೆ. ಗಾಬರಿಯಲ್ಲಿ ನಲ್ಲಿ ತಿರುಗಿಸಿದರೆ ಬಿಸಿನೀರು ಬರುತ್ತದೆ. ಅದಕ್ಕೆ ನಮ್ಮ ಬಚ್ಚಲಿನಲ್ಲಿ ಏಪ್ರಿಲ್‌ನಿಂದ ಮಳೆ ಬೀಳುವವರೆಗೆ, ಬೆಳಗಿನ ಜಾವ ತುಂಬಿಸಿದ ಎರಡು ದೊಡ್ಡ ಬಕೆಟ್ ನೀರು ಯಾವಾಗಲೂ ಇರುತ್ತದೆ. ಅದನ್ನು ಬಟ್ಟೆ ಒಗೆಯಲು ಯಾರೂ ಮುಟ್ಟುವುದಿಲ್ಲ.

ಚಿನ್ನಿಯ ಅಮ್ಮ, ರಾಯಚೂರು

ಅಣ್ಣಾ, ಓದುತ್ತಾ ಕಣ್ಣು ತುಂಬಿತು. ಇಷ್ಟು ನೋವಿನದನ್ನು ನನಗಾಗಿ ಬರೆದಿರಿ. ಥರ್ಮಾಮೀಟರ್ ಇಂದೇ ತರುತ್ತೇನೆ. ನಾವಿಲ್ಲದ ಏಳು ಗಂಟೆಗಳ ಚಿಂತೆ ಮಾತ್ರ ಹೋಗಿಲ್ಲ. ಕೂಲರ್ ಹಚ್ಚಿ ಬಾಗಿಲು, ಕಿಟಕಿ ಭದ್ರಪಡಿಸಿ ಹೋಗಲೇ?

ಲಕ್ಷ್ಮಿ ಮತ್ತು ಕರಿಯರ ಅಜ್ಜಿ, ರಾಯಚೂರು

ಮಗಳೇ, ಕಿಟಕಿ ಮುಚ್ಚಿದರೆ ಕೂಲರ್‌ನಿಂದ ತೊಂದರೆಯೇ ಹೆಚ್ಚು. ಅದು ನೀರನ್ನು ಆವಿ ಮಾಡಿ ತಂಪು ಕೊಡುವ ಯಂತ್ರ. ರಾಯಚೂರಿನ ಏಪ್ರಿಲ್ ಗಾಳಿ ಒಣಗಿರುತ್ತದೆ, ಆದ್ದರಿಂದ ಇಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಒದ್ದೆ ಗಾಳಿ ಹೊರಗೆ ಹೋಗಲು ಎದುರಿನ ಕಿಟಕಿ ಒಂದಿಷ್ಟು ತೆರೆದಿರಲೇಬೇಕು. ಇಲ್ಲವಾದರೆ ಕೋಣೆಯೆಲ್ಲ ಸೆಕೆಯಾಗಿ ನಾಯಿಯ ಏದುಸಿರಿಗೂ ಫಲ ಸಿಗುವುದಿಲ್ಲ. ಕಿಟಕಿಗೆ ಜಾಲರಿ ಹಾಕಿಸು.

ಕರೆಂಟು ಹೋದರೆ ಕೂಲರ್ ಇಲ್ಲ, ಫ್ಯಾನೂ ಇಲ್ಲ. ಹಾಗಾಗಿ ಯಂತ್ರವಿಲ್ಲದೆಯೂ ತಂಪಾಗಿರುವ ಒಂದು ಮೂಲೆ ಅವಳಿಗೆ ಬೇಕು. ನಿನ್ನ ಚಿನ್ನಿ ತಾನೇ ಹುಡುಕಿಕೊಂಡಿದ್ದಾಳೆ, ಬಚ್ಚಲು. ಆ ಬಾಗಿಲನ್ನು ಎಂದೂ ಮುಚ್ಚಬೇಡ, ಗಾಳಿಗೆ ಬಡಿದುಕೊಳ್ಳದಂತೆ ಕಲ್ಲು ಇಡು. ಫಿನಾಯಿಲ್, ಸೋಪಿನಪುಡಿ ಮೇಲೆತ್ತಿಡು. ಗೋಣಿಚೀಲ ತೋಯಿಸಿ ಹಿಂಡಿ ಒಂದು ಬದಿಗೆ ಹಾಸು, ಬೇಕಾದರೆ ಅದರ ಮೇಲೆ ಮಲಗುತ್ತಾಳೆ, ಬೇಡವಾದರೆ ಕಲ್ಲಿನ ಮೇಲೆ. ನೀರಿಗೆ ಅಗಲ ಬಾಯಿಯ ಮಣ್ಣಿನ ಪಾತ್ರೆ ತಾ, ಕುಂಬಾರರ ಹತ್ತಿರ ಸಿಗುತ್ತದೆ. ತಂಪೂ ಇರುತ್ತದೆ, ಭಾರಕ್ಕೆ ಉರುಳುವುದೂ ಇಲ್ಲ. ಒಂದು ಸಾಲದು, ಮೂರು ಕಡೆ ಇಡು. ತಾರಸಿಗೆ ಬಿಳಿ ಸುಣ್ಣ ಬಳಿಸಲು ಮನೆಯ ಮಾಲೀಕರನ್ನು ಕೇಳು. ನಾವು ಪ್ರತಿ ಯುಗಾದಿಗೆ ಬಳಿಸುತ್ತೇವೆ, ಕೆಳಗಿನ ಕೋಣೆಯಲ್ಲಿ ವ್ಯತ್ಯಾಸ ಕೈಗೇ ತಿಳಿಯುತ್ತದೆ.

ಇಷ್ಟೆಲ್ಲ ಮಾಡಿದರೂ ಏಳು ಗಂಟೆ ಒಂಟಿಯಾಗಿ ಬಿಡುವುದು ನನಗೆ ಒಪ್ಪಿಗೆಯಾಗದು. ಮಧ್ಯಾಹ್ನ ಒಂದು ಗಂಟೆಗೆ ಯಾರಾದರೂ ಬಾಗಿಲು ತೆಗೆದು ನೋಡಬೇಕು. ಯಾರೂ ಸಿಗದಿದ್ದರೆ ಹೇಳು, ನಮ್ಮ ಮನೆ ನೆಲಮಹಡಿ.

ಬಾಣನ ಅಣ್ಣ, ಗಂಗಾವತಿ

ಕೂದಲಿನ ನಾಯಿಗಳಿಗಷ್ಟೇ ಈ ಜಾಗ್ರತೆ ಸಾಕು ಎಂದು ಯಾರೂ ತಿಳಿಯಬಾರದು. ನಮ್ಮದು ಮುಧೋಳ ನಾಯಿ. ಬಯಲುಸೀಮೆಯದೇ ತಳಿ, 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂದದ್ದು. ತೆಳು ಕೂದಲು, ಬಡಕಲು ಮೈ, ಇದಕ್ಕೆ ಬಿಸಿಲೇನು ಮಾಡೀತು ಎಂದು ಭತ್ತದ ಕೊಯ್ಲಿನ ಸಮಯದಲ್ಲಿ ಹತ್ತು ಗಂಟೆಗೆ ಬೈಕಿನ ಹಿಂದೆ ಕಾಲುವೆ ದಂಡೆಯ ಮೇಲೆ ಓಡಿಸಿದೆ. ಎರಡು ಕಿಲೋಮೀಟರಿಗೆ ಅವನು ತಡವರಿಸಿದ. ಕಾಲುವೆಯಲ್ಲಿ ನೀರಿದ್ದದ್ದರಿಂದ ಬದುಕಿದ. ನಿಂತ ನಾಯಿಗಿಂತ ಓಡುವ ನಾಯಿಗೆ ಕಾವು ಬೇಗ ಏರುತ್ತದೆ, ಅದರಲ್ಲೂ ಯಜಮಾನನ ಹಿಂದೆ ಓಡುವಾಗ ಅದು ತಾನಾಗಿ ನಿಲ್ಲುವುದಿಲ್ಲ. ಪಗ್, ಶಿಟ್ಜು ತರಹದ ಮೊಂಡು ಮೂಗಿನವುಗಳಿಗೆ ಓಡದೆಯೂ ಹೀಗಾಗಬಹುದು.

ಬೆಕ್ಕಮ್ಮನ ಮನೆ, ಸಿಂಧನೂರು

ಬೆಕ್ಕು ಸಾಕಿದವರಿಗೆ ಎರಡು ಮಾತು. ಬೆಕ್ಕು ಬಾಯಿ ತೆರೆದು ನಾಯಿಯಂತೆ ಏದುಸಿರು ಬಿಟ್ಟರೆ ಅದು ಸಹಜವಲ್ಲ, ತಕ್ಷಣ ತಂಪು ಜಾಗಕ್ಕೆ ತಂದು ವೈದ್ಯರಿಗೆ ಕರೆ ಮಾಡಿ. ಮೈ ಬಿಸಿಯಾಗಿದೆ ಎಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಕೊಡಲೇಬೇಡಿ. ಬೆಕ್ಕಿನ ಮೈ ಅದನ್ನು ಜೀರ್ಣಿಸಿಕೊಳ್ಳಲಾರದು, ಒಂದೇ ಮಾತ್ರೆ ಜೀವ ತೆಗೆಯಬಹುದು. ನಮ್ಮ ಓಣಿಯಲ್ಲಿ ಹೀಗೆ ಒಂದು ಒಳ್ಳೆಯ ಬೆಕ್ಕು ಹೋಯಿತು, ಕೊಟ್ಟವರು ಪ್ರೀತಿಯಿಂದಲೇ ಕೊಟ್ಟಿದ್ದರು.

ಗುಂಡನ ಅಕ್ಕ, ಕೊಪ್ಪಳ

ಊಟದ ವಿಷಯ ಬಿಟ್ಟುಹೋಗಿತ್ತು. ಬೇಸಿಗೆಯಲ್ಲಿ ಊಟ ಕಡಿಮೆಯಾಗುತ್ತದೆ, ಬಲವಂತ ಬೇಡ. ಬೆಳಿಗ್ಗೆ ಬೇಗ ಮತ್ತು ರಾತ್ರಿ ತಡವಾಗಿ ಕೊಡು. ನೀರು ಮಜ್ಜಿಗೆ ಗುಂಡನಿಗೆ ಒಗ್ಗಿದೆ, ಉಪ್ಪಿಲ್ಲದೆ, ಒಗ್ಗರಣೆಯಿಲ್ಲದೆ. ಕೆಲವು ನಾಯಿಗಳಿಗೆ ಅದರಿಂದ ಭೇದಿಯಾಗುತ್ತದೆ, ಎರಡು ಚಮಚದಿಂದ ಆರಂಭಿಸು. ನಾವು ತಿನ್ನುವ ಸೂಸಲ, ಮಂಡಕ್ಕಿ ಒಗ್ಗರಣೆ ಮಾತ್ರ ಬೇಡ, ಉಳ್ಳಾಗಡ್ಡಿ ಮತ್ತು ಬೆಳ್ಳುಳ್ಳಿ ನಾಯಿಯ ರಕ್ತಕಣಗಳನ್ನು ಒಡೆಯುತ್ತವೆ. ದ್ರಾಕ್ಷಿಯೂ ಬೇಡ. ಕಲ್ಲಂಗಡಿಯ ಬೀಜ ತೆಗೆದು ಕೊಡು, ಕುಣಿಯುತ್ತಾಳೆ.

ಬಾಚುವಾಗ ಕಿವಿಯ ಒಳಗೆ, ಬೆರಳ ಸಂದಿಯಲ್ಲಿ ರಕ್ತ ಹೀರುವ ಉಣ್ಣೆ ಹುಳು ಇದೆಯೇ ಎಂದು ನೋಡು. ಸೆಕೆಗೆ ಅವು ಬೇಗ ಹೆಚ್ಚುತ್ತವೆ, ಗೋಡೆಯ ಬಿರುಕಿನಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತವೆ. ಊಟ ಬಿಟ್ಟು, ವಸಡು ಬಿಳಿಚಿ, ಮೂಗಿನಿಂದ ರಕ್ತ ಬಂದರೆ ಅದನ್ನು ಬಿಸಿಲಿನ ತಾಪ ಎಂದುಕೊಂಡು ಕೂರಬೇಡ. ಉಣ್ಣೆಯಿಂದ ಬರುವ ಜ್ವರವಿರಬಹುದು, ರಕ್ತ ಪರೀಕ್ಷೆ ಮಾಡಿಸು.

ಚಿನ್ನಿಯ ಅಮ್ಮ, ರಾಯಚೂರು (ಗುರುವಾರ ರಾತ್ರಿ)

ಬೆಳಿಗ್ಗೆ 5.40ಕ್ಕೆ ಹೊರಟೆವು. ರಸ್ತೆಯ ಮೇಲೆ ಕೈಯಿಟ್ಟು ಏಳು ಎಣಿಸಿದೆ, ತಂಪಾಗಿತ್ತು. ಬಚ್ಚಲಿನ ಬಾಗಿಲಿಗೆ ಅರೆಯುವ ಗುಂಡುಕಲ್ಲು ಇಟ್ಟಿದ್ದೇನೆ. ಎರಡು ಬಕೆಟ್ ತುಂಬಿಸಿ ಇವರಿಗೂ ಹೇಳಿದ್ದೇನೆ, ಮುಟ್ಟಬಾರದು ಎಂದು. ಮಧ್ಯಾಹ್ನ ಅಜ್ಜಿಯ ಮೊಮ್ಮಗ ಬಂದು ನೋಡಿ, ಗೋಣಿಚೀಲ ಮತ್ತೆ ತೋಯಿಸಿ ಹೋದ. ಸಂಜೆ ಕೀಲಿ ತಿರುಗಿಸುವಷ್ಟರಲ್ಲಿ ಒಳಗಿನಿಂದ ಬಾಗಿಲು ಕೆರೆಯುವ ಸದ್ದು ಕೇಳಿತು. ಹೊಟ್ಟೆಯ ಕೂದಲು ಒದ್ದೆ, ಮೂಗಿನ ಮೇಲೆ ಗೋಣಿಯ ನಾರು. ಥರ್ಮಾಮೀಟರ್ 101.8 ತೋರಿಸಿತು.

ಅಜ್ಜಿ, ಸೋಮವಾರದಿಂದ ನಿಮ್ಮಲ್ಲಿಗೇ ಬಿಟ್ಟು ಹೋಗುತ್ತೇನೆ. ಲಕ್ಷ್ಮಿ ಮತ್ತು ಕರಿಯ ಅವಳನ್ನು ಒಪ್ಪುತ್ತಾರೆಯೇ ನೋಡಲು ಭಾನುವಾರ ಬೆಳಿಗ್ಗೆ ಆರಕ್ಕೆ ಕರೆದುಕೊಂಡು ಬರಲೇ?